ಕರಾಳ ಅಪರಾಧಕಥೆಯ ಆಕರ್ಷಣೆ: ವಿದ್ಯುಚ್ಚೋರನಿಂದ ‘ಘಾಚರ್ ಘೋಚರ್’ವರೆಗೆ

೧

ಅಪರಾಧವನ್ನು ವಸ್ತುವಾಗಿ ಉಳ್ಳ ಕಥೆ ಕಾದಂಬರಿಗಳನ್ನು ನಮ್ಮ ವಿಮರ್ಶೆ ಬಹುಕಾಲದಿಂದ ರೈಲು ನಿಲ್ದಾಣದ ಸಾಹಿತ್ಯವೆಂದು ಕರೆದು ದೂರವಿರಿಸಿದೆ. ಹೊತ್ತು ಕಳೆಯಲೆಂದು ಕೊಂಡು, ಇಳಿಯುವ ಊರು ಬಂದಾಗ ಕುಳಿತ ಜಾಗದಲ್ಲಿಯೇ ಬಿಟ್ಟುಹೋಗುವ ಪುಸ್ತಕಗಳ ವಿಷಯದಲ್ಲಿ ವಿವೇಚಿಸತಕ್ಕುದೇನಿದೆ ಎಂಬ ಭಾವನೆ ಇದಕ್ಕೆ ಕಾರಣವಾಗಿರಬಹುದು. ಆದರೆ ಇತಿಹಾಸದ ವಿದ್ಯಾರ್ಥಿಗೆ ಯಾವ ಬರಹವೂ ತೀರ ಅಲ್ಪವಲ್ಲ. ಒಂದು ಕಾಲದ ಜನ ಯಾವುದಕ್ಕೆ ಅಂಜುತ್ತಿದ್ದರು, ಯಾರನ್ನು ಅಪರಾಧಿಯೆಂದು ನಂಬಲು ಸಿದ್ಧರಿದ್ದರು, ಯಾವ ನ್ಯಾಯದಿಂದ ತೃಪ್ತರಾಗುತ್ತಿದ್ದರು ಎಂಬುದನ್ನು ತಿಳಿಯಬೇಕಾದರೆ ಆ ಕಾಲದ ಮಹಾಕೃತಿಗಳಷ್ಟೇ ಅದರ ಅಗ್ಗದ ಪುಸ್ತಕಗಳೂ ಸಾಕ್ಷಿಯಾಗಿ ನಿಲ್ಲುತ್ತವೆ. ಈ ದೃಷ್ಟಿಯಿಂದ, ಇಂದು ‘ನುವಾರ್’ ಎಂಬ ಹೆಸರಿನಿಂದ ಪ್ರಸಿದ್ಧವಾಗಿರುವ ಕರಾಳ ಅಪರಾಧಕಥೆಯು ಕನ್ನಡ ವಾಚಕನನ್ನು ಏಕೆ ಹಿಡಿದಿಟ್ಟುಕೊಂಡಿದೆ ಎಂಬುದನ್ನು ವಿವೇಚಿಸುವುದು ಈ ಲೇಖನದ ಉದ್ದೇಶ.

‘ನುವಾರ್’ ಎಂದರೆ ಫ್ರೆಂಚ್ ಭಾಷೆಯಲ್ಲಿ ಕಪ್ಪು. ೧೯೪೫ರಲ್ಲಿ ಪ್ಯಾರಿಸಿನ ಗಾಲಿಮಾರ್ ಪ್ರಕಾಶನ ಸಂಸ್ಥೆಯು ಮಾರ್ಸೆಲ್ ದ್ಯುಅಮೆಲ್ ಎಂಬವರ ಸಂಪಾದಕತ್ವದಲ್ಲಿ ‘ಸೆರಿ ನುವಾರ್’, ಅಂದರೆ ‘ಕಪ್ಪು ಮಾಲೆ’ಯನ್ನು ಆರಂಭಿಸಿತು. ಮರುವರ್ಷ ನೀನೋ ಫ್ರಾಂಕ್ ಎಂಬ ವಿಮರ್ಶಕನು ಅಮೆರಿಕದ ಕೆಲವು ಚಲನಚಿತ್ರಗಳಿಗೆ ಇದೇ ವಿಶೇಷಣವನ್ನು ಪ್ರಯೋಗಿಸಿದನು. ಹೆಸರು ಫ್ರಾನ್ಸಿನದಾದರೂ ಸರಕು ಅಮೆರಿಕದ್ದು. ೧೯೨೦ರಲ್ಲಿ ಹುಟ್ಟಿದ ‘ಬ್ಲ್ಯಾಕ್ ಮಾಸ್ಕ್’ ಪತ್ರಿಕೆಯಲ್ಲಿ ಬರೆದು ಬೆಳೆದ ಡ್ಯಾಶಿಯೆಲ್ ಹ್ಯಾಮೆಟ್ ಸ್ವತಃ ಪಿಂಕರ್ಟನ್ ಎಂಬ ಖಾಸಗಿ ಪತ್ತೇದಾರ ಸಂಸ್ಥೆಯಲ್ಲಿ ಕೆಲಸ ಮಾಡಿದ್ದವನು. ೧೯೨೯ರ ‘ರೆಡ್ ಹಾರ್ವೆಸ್ಟ್’ನಲ್ಲಿ ಅವನು ಚಿತ್ರಿಸಿದ್ದು ಒಬ್ಬ ಕೊಲೆಗಾರನನ್ನಲ್ಲ, ಕೊಲೆಯನ್ನೇ ಆಡಳಿತಕ್ರಮವಾಗಿ ಮಾಡಿಕೊಂಡ ಒಂದು ಊರನ್ನು. ೧೯೩೪ರಲ್ಲಿ ಜೇಮ್ಸ್ ಎಂ. ಕೇಯ್ನ್ ಬರೆದ ‘ದಿ ಪೋಸ್ಟ್‌ಮನ್ ಆಲ್ವೇಸ್ ರಿಂಗ್ಸ್ ಟ್ವೈಸ್’ ಕಾದಂಬರಿಯಲ್ಲಿ ಪತ್ತೇದಾರನಿಗೆ ಪ್ರಾಧಾನ್ಯವೇ ಇಲ್ಲ. ಪರಸ್ತ್ರೀಯ ಮೋಹದಿಂದ ಅವಳ ಗಂಡನನ್ನು ಕೊಂದವನೇ ಕಥೆಯನ್ನು ಹೇಳುತ್ತಾನೆ.

ಇಲ್ಲಿಯೇ ಎರಡು ಬಗೆಯ ಕಥೆಗಳ ಭೇದವನ್ನು ಗುರುತಿಸಬಹುದು. ಪತ್ತೇದಾರಿ ಕಥೆಯಲ್ಲಿ ಅಪರಾಧವು ಒಂದು ಒಗಟು. ಒಗಟು ಒಡೆದಾಗ ಸಮಾಜವು ಮೊದಲಿನ ಸ್ವಸ್ಥತೆಗೆ ಮರಳುತ್ತದೆ. ಕರಾಳ ಕಥೆಯಲ್ಲಿ ಅಪರಾಧವು ಒಂದು ರೋಗಲಕ್ಷಣ. ಮಾಡಿದವನು ಯಾರೆಂದು ತಿಳಿದ ಬಳಿಕವೂ ರೋಗ ಉಳಿದಿರುತ್ತದೆ. ಮೊದಲನೆಯದು ‘ಯಾರು?’ ಎಂದು ಕೇಳಿದರೆ, ಎರಡನೆಯದು ‘ಹೇಗೆ ಇಲ್ಲಿಗೆ ಬಂದು ಮುಟ್ಟಿದೆವು?’ ಎಂದು ಕೇಳುತ್ತದೆ.

೨

ಕನ್ನಡದಲ್ಲಿ ಮೊದಲನೆಯ ಬಗೆಯ ಬೆಳೆ ಹುಲುಸಾಗಿ ಬಂದದ್ದು ಇಪ್ಪತ್ತನೆಯ ಶತಮಾನದ ನಡುಭಾಗದಲ್ಲಿ. ಎನ್. ನರಸಿಂಹಯ್ಯನವರ (೧೯೨೫-೨೦೧೧) ಹೆಸರನ್ನು ಬಿಟ್ಟು ಈ ಮಾತನ್ನು ಆಡುವಂತಿಲ್ಲ. ಶಾಲೆಯಲ್ಲಿ ನಾಲ್ಕನೆಯ ತರಗತಿಯವರೆಗೆ ಮಾತ್ರ ಓದಿದ ಈ ಲೇಖಕರು ಐನೂರಕ್ಕೂ ಮಿಕ್ಕಿ ಕಾದಂಬರಿಗಳನ್ನು ಬರೆದರು. ಅವರ ಪತ್ತೇದಾರ ಪುರುಷೋತ್ತಮನು ಒಂದೆರಡು ತಲೆಮಾರುಗಳಿಗೆ ಕನ್ನಡ ಓದುವ ಚಟವನ್ನೇ ಹಚ್ಚಿದನು. ಶಾಲೆಯ ಪಠ್ಯದ ಹೊರತು ಬೇರೇನೂ ಓದದ ಮನೆಗಳೊಳಗೆ ಕಾದಂಬರಿಯೆಂಬ ವಸ್ತು ಪ್ರವೇಶಿಸಿದ್ದು ಅನೇಕ ಕಡೆಗಳಲ್ಲಿ ಈ ಪುಸ್ತಕಗಳ ಮೂಲಕವೇ. ಈ ಉಪಕಾರವನ್ನು ನಮ್ಮ ಸಾಹಿತ್ಯ ಚರಿತ್ರೆಗಳು ಒಂದು ವಾಕ್ಯದಲ್ಲಿ ಮುಗಿಸುವುದು ನ್ಯಾಯವಲ್ಲ.

ರಾಯಬಾಗ ತಾಲೂಕಿನ ಕುಡಚಿಯಂಥ ಊರಿನಲ್ಲಿ ಈ ಓದಿಗೆ ಇನ್ನೊಂದು ಮುಖವಿತ್ತು. ಕೃಷ್ಣೆಯ ದಂಡೆಯ ಈ ಊರು ಬೆಳಗಾವಿ-ಮಿರಜ ರೈಲುದಾರಿಯ ಮೇಲಿದೆ. ಚಿಕ್ಕೋಡಿ, ನಿಪ್ಪಾಣಿ, ಅಥಣಿ, ಕಾಗವಾಡಗಳಲ್ಲಿರುವಂತೆ ಇಲ್ಲಿಯೂ ಸಂತೆಯ ಮಾತು ಒಂದು, ಶಾಲೆಯ ಮಾತು ಇನ್ನೊಂದು, ಮನೆಯ ಮಾತು ಮತ್ತೊಂದು ಆಗಿರುವುದು ಅಪರೂಪವಲ್ಲ. ಹೀಗಾಗಿ ಇಲ್ಲಿನ ಹಿರಿಯ ಓದುಗರಲ್ಲಿ ಕೆಲವರು ನರಸಿಂಹಯ್ಯನವರ ಪುರುಷೋತ್ತಮನನ್ನೂ ಮರಾಠಿಯ ಬಾಬುರಾವ ಅರ್ನಾಳಕರರ (೧೯೦೬-೧೯೯೬) ಝುಂಜಾರನನ್ನೂ ಒಂದೇ ಉಸಿರಿನಲ್ಲಿ ನೆನೆಯುತ್ತಾರೆ. ಅರ್ನಾಳಕರರು ಬರೆದ ರಹಸ್ಯಕಥೆಗಳು ಸಾವಿರಕ್ಕೂ ಹೆಚ್ಚು. ಸಾಹಿತ್ಯ ಪರಿಷತ್ತುಗಳು ಬೇರೆ ಬೇರೆಯಾಗಿ ಎಣಿಸುವ ಎರಡು ಭಾಷೆಗಳ ಜನ ಈ ಒಂದು ಹವ್ಯಾಸದಲ್ಲಿ ನೆರೆಹೊರೆಯವರಾಗಿದ್ದರು.

ಅಂಥ ಒಬ್ಬ ಹಿರಿಯರನ್ನು, ಈಗಲೂ ಆ ಪುಸ್ತಕಗಳನ್ನು ಇಟ್ಟುಕೊಂಡಿರುವಿರಾ ಎಂದು ವಿಚಾರಿಸಿದಾಗ ದೊರೆತ ಉತ್ತರ ವಿಚಾರಾರ್ಹವಾಗಿದೆ: “ಕಳ್ಳ ಯಾರಂತ ಗೊತ್ತಾದ ಮ್ಯಾಲೆ ಆ ಪುಸ್ತಕ ಯಾಕ್ ಬೇಕ್ರಿ ಸರ? ಇನ್ನೊಬ್ಬರಿಗೆ ಕೊಟ್ಟುಬಿಡೂದು.” ಆದರೆ ಅದೇ ಹಿರಿಯರು ‘ಸಿಂಧೂರ ಲಕ್ಷ್ಮಣ’ ನಾಟಕವನ್ನು ಎಷ್ಟು ಸಲ ನೋಡಿರುವರೆಂಬುದಕ್ಕೆ ಲೆಕ್ಕವಿಟ್ಟಿಲ್ಲ. ಅಥಣಿಯ ಗಡಿಗೆ ಹೊಂದಿದ ಜತ್ತ ಸೀಮೆಯ ಸಿಂಧೂರಿನವನಾದ ಈ ಲಕ್ಷ್ಮಣನು ಬ್ರಿಟಿಷರ ಕಾಲದಲ್ಲಿ ಸರಕಾರದ ದೃಷ್ಟಿಯಲ್ಲಿ ದರೋಡೆಕೋರ, ಜನರ ದೃಷ್ಟಿಯಲ್ಲಿ ವೀರ. ಕಡೆಗೆ ಅವನು ಮೋಸಕ್ಕೆ ಬಲಿಯಾಗಿ ಸಾಯುವನೆಂಬುದು ಪರದೆ ಏಳುವ ಮೊದಲೇ ಪ್ರೇಕ್ಷಕರೆಲ್ಲರಿಗೂ ಗೊತ್ತು. ಗೊತ್ತಿದ್ದೂ ಮತ್ತೆ ಹೋಗಿ ಕುಳಿತುಕೊಳ್ಳುತ್ತಾರೆ.

ಉತ್ತರ ತಿಳಿದ ಕೂಡಲೆ ಮುಗಿದುಹೋಗುವ ಕಥೆ ಒಂದು. ಉತ್ತರ ತಿಳಿದಿದ್ದರೂ ಮುಗಿಯದ ಕಥೆ ಇನ್ನೊಂದು. ಕರಾಳ ಕಥೆಯ ಬಾಳಿಕೆಯ ಗುಟ್ಟು ಈ ಎರಡನೆಯದರಲ್ಲಿದೆ. ಹಾಗೂ ಇದು ಹೊರಗಿನಿಂದ ಬಂದ ರುಚಿಯಲ್ಲವೆಂಬುದನ್ನು ತೋರಿಸಲು ಹಳಗನ್ನಡದ ಎರಡು ಕೃತಿಗಳೇ ಸಾಕು.

೩

ಮೊದಲನೆಯದು ‘ವಡ್ಡಾರಾಧನೆ’. ಸುಮಾರು ಹತ್ತನೆಯ ಶತಮಾನದ್ದೆಂದು ಸಾಮಾನ್ಯವಾಗಿ ಎಣಿಸುವ ಈ ಗದ್ಯಕೃತಿಯನ್ನು ೧೯೪೯ರಲ್ಲಿ ಡಿ. ಎಲ್. ನರಸಿಂಹಾಚಾರ್ಯರು ಸಂಪಾದಿಸಿ ಪ್ರಕಟಿಸಿದರು. ಅದಕ್ಕೂ ಮೊದಲು, ಹರಿಷೇಣನ ಸಂಸ್ಕೃತ ‘ಬೃಹತ್ಕಥಾಕೋಶ’ದ ೧೯೪೩ರ ಆವೃತ್ತಿಯ ಪೀಠಿಕೆಯಲ್ಲಿ ಈ ಕಥೆಗಳ ಬಳಗವನ್ನು ವಿಸ್ತಾರವಾಗಿ ವಿವೇಚಿಸಿದವರು ಡಾ. ಆ. ನೇ. ಉಪಾಧ್ಯೆಯವರು. ಅವರು ನಮ್ಮ ಚಿಕ್ಕೋಡಿ ಸೀಮೆಯ ಸದಲಗಾ ಗ್ರಾಮದವರು, ಕೊಲ್ಲಾಪುರದ ರಾಜಾರಾಮ ಕಾಲೇಜಿನಲ್ಲಿ ಪ್ರಾಧ್ಯಾಪಕರಾಗಿದ್ದವರು. ಅಪರಾಧಕಥೆಯ ಚರ್ಚೆಯಲ್ಲಿ ಅವರ ಹೆಸರು ಬರುವುದು ವಿಚಿತ್ರವಾಗಿ ಕಾಣಬಹುದು. ಆದರೆ ವಡ್ಡಾರಾಧನೆಯ ಹತ್ತೊಂಬತ್ತು ಕಥೆಗಳಲ್ಲಿ ವಿದ್ಯುಚ್ಚೋರ ಋಷಿಯ ಕಥೆಯನ್ನು ಓದಿದವರಿಗೆ ಹಾಗೆ ಅನಿಸಲಾರದು.

ವಿದ್ಯುಚ್ಚೋರನು ರಾಜಪುತ್ರ. ಯಮದಂಡನು ಆ ಪಟ್ಟಣದ ತಳಾರನ ಮಗ. ತಳಾರನೆಂದರೆ ಊರ ಕಾವಲಿನ ಅಧಿಕಾರಿ. ನಮ್ಮ ಹಳ್ಳಿಗಳ ‘ತಳವಾರ’ ಎಂಬ ಹೆಸರಿನಲ್ಲಿ ಈ ಪದ ಇಂದಿಗೂ ಉಳಿದಿದೆ. ಇಬ್ಬರೂ ಒಬ್ಬ ಗುರುವಿನಲ್ಲಿ ಒಟ್ಟಿಗೆ ಕಲಿತವರು. ಒಬ್ಬನು ಕಳವಿನ ವಿದ್ಯೆಯಲ್ಲಿ, ಇನ್ನೊಬ್ಬನು ಕಳ್ಳನನ್ನು ಹಿಡಿಯುವ ವಿದ್ಯೆಯಲ್ಲಿ ಪಾರಂಗತನಾಗುತ್ತಾನೆ. ಅವರ ನಡುವೆ ಬಾಲ್ಯದ ಪಂತವೊಂದು ಉಳಿದುಕೊಳ್ಳುತ್ತದೆ. ಮುಂದೆ ಯಮದಂಡನು ಮಿಥಿಲೆಯಲ್ಲಿ ತಳಾರನಾಗಿರುವಾಗ ವಿದ್ಯುಚ್ಚೋರನು ಅಲ್ಲಿಗೂ ಬರುತ್ತಾನೆ. ಹಗಲಲ್ಲಿ ಕುಷ್ಠರೋಗಿಯ ವೇಷದಲ್ಲಿ ಬಿದ್ದಿದ್ದು ಇರುಳಲ್ಲಿ ಕಳವು ಮಾಡುತ್ತಾನೆ. ಅರಸನ ಹಾರವೇ ಕಳವಾದಾಗ, ಏಳು ದಿನಗಳೊಳಗೆ ಕಳ್ಳನನ್ನು ತರಬೇಕೆಂದು ತಳಾರನಿಗೆ ಆಜ್ಞೆಯಾಗುತ್ತದೆ. ಅವಧಿ ಮುಗಿಯುವಾಗ ಯಮದಂಡನು ಆ ಕುಷ್ಠರೋಗಿಯನ್ನೇ ಹಿಡಿದು ತರುತ್ತಾನೆ. ಮೂವತ್ತೆರಡು ಬಗೆಯ ದಂಡನೆಗಳಿಗೆ ಗುರಿಮಾಡಿದರೂ ಹಿಡಿದು ತಂದವನು ತಾನು ಕಳ್ಳನೆಂದು ಒಪ್ಪಿಕೊಳ್ಳುವುದಿಲ್ಲ. ಕಡೆಗೆ ಅರಸನು ಅಭಯವನ್ನು ಕೊಟ್ಟು ಕೇಳಿದಾಗ ಮಾತ್ರ ನಿಜವನ್ನು ಹೇಳುತ್ತಾನೆ. ದಂಡನೆಯನ್ನು ಹೇಗೆ ಸಹಿಸಿದೆಯೆಂದು ಕೇಳಿದರೆ, ಮುನಿಗಳಿಂದ ಕೇಳಿದ್ದ ನರಕದ ದುಃಖಗಳನ್ನು ನೆನೆದು ಸಹಿಸಿದೆನೆನ್ನುತ್ತಾನೆ.

ಈ ಕಥೆಯಲ್ಲಿ ಗಮನಿಸತಕ್ಕ ಅಂಶಗಳು ಎರಡು. ಒಂದನೆಯದಾಗಿ, ಕಳ್ಳನೂ ಕಾವಲುಗಾರನೂ ಒಂದೇ ಪಾಠಶಾಲೆಯ ಮಕ್ಕಳು. ಒಂದೇ ಸಮಾಜ ಒಂದೇ ಬುದ್ಧಿಶಕ್ತಿಯನ್ನು ಎರಡು ದಾರಿಗಳಲ್ಲಿ ಹರಿಯಬಿಟ್ಟಿದೆ. ಹ್ಯಾಮೆಟ್ಟನ ನಾಯಕನು ತನ್ನ ಎದುರಾಳಿಯಲ್ಲಿ ತನ್ನ ಪ್ರತಿಬಿಂಬವನ್ನು ಕಂಡು ಹೆದರುವುದಕ್ಕೆ ಸಾವಿರ ವರ್ಷ ಮೊದಲೇ ನಮ್ಮ ಗದ್ಯ ಈ ಜೋಡಿಯನ್ನು ಕಂಡಿತ್ತು. ಎರಡನೆಯದಾಗಿ, ಹಿಂಸೆಗೆ ಬಾರದ ಸತ್ಯ ಅಭಯಕ್ಕೆ ಬಂತು. ೧೮೭೨ರ ಭಾರತೀಯ ಸಾಕ್ಷ್ಯ ಅಧಿನಿಯಮದ ಇಪ್ಪತ್ತೈದನೆಯ ಕಲಮು, ಪೋಲೀಸ್ ಅಧಿಕಾರಿಯ ಮುಂದೆ ಮಾಡಿದ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ಸಾಬೀತುಪಡಿಸಲಾಗದೆಂದು ವಿಧಿಸಿತು. ೨೦೨೪ರ ಜುಲೈಯಿಂದ ಅದರ ಸ್ಥಾನದಲ್ಲಿ ಜಾರಿಗೆ ಬಂದಿರುವ ಭಾರತೀಯ ಸಾಕ್ಷ್ಯ ಅಧಿನಿಯಮವೂ ಈ ನಿಷೇಧವನ್ನು ಉಳಿಸಿಕೊಂಡಿದೆ. ಕಾಯಿದೆ ನಿಯಮವಾಗಿ ಹೇಳಿದ್ದನ್ನು ಕಥೆ ಅನುಭವವಾಗಿ ಹೇಳಿತ್ತು.

ಎರಡನೆಯ ಕೃತಿ ಜನ್ನನ ‘ಯಶೋಧರ ಚರಿತೆ’, ಕಾಲ ೧೨೦೯. ಉಜ್ಜಯಿನಿಯ ರಾಣಿ ಅಮೃತಮತಿಯು ಇರುಳಿನಲ್ಲಿ ಕೇಳಿಬಂದ ಹಾಡಿಗೆ ಮನಸೋತು, ಹಾಡಿದವನು ವಿಕಾರರೂಪಿಯಾದ ಮಾವುತನೆಂದು ತಿಳಿದ ಮೇಲೂ ಅವನಿಗೆ ಒಲಿಯುತ್ತಾಳೆ. ಅವಳ ಬೆನ್ನು ಹತ್ತಿ ಹೋಗಿ ಕಣ್ಣಾರೆ ಕಂಡ ಯಶೋಧರನು ಎತ್ತಿದ ಕತ್ತಿಯನ್ನು ತಡೆದುಕೊಳ್ಳುತ್ತಾನೆ. ಆದರೆ ಕಂಡದ್ದನ್ನು ಕನಸೆಂದು ತಾಯಿಗೆ ಮರೆಸಿ ಹೇಳುತ್ತಾನೆ. ಆ ಒಂದು ಸುಳ್ಳಿನಿಂದ ಶಾಂತಿಗಾಗಿ ಬಲಿಯ ಮಾತು ಬರುತ್ತದೆ. ಜೀವಬಲಿಗೆ ಬದಲಾಗಿ ಹಿಟ್ಟಿನ ಕೋಳಿ ಬರುತ್ತದೆ. ಕಡಿದಾಗ ಹಿಟ್ಟಿನ ಕೋಳಿಯೇ ಕೂಗುತ್ತದೆ. ಕಡೆಗೆ ಅಮೃತಮತಿ ಗಂಡನಿಗೂ ಅತ್ತೆಗೂ ವಿಷವಿಕ್ಕುತ್ತಾಳೆ. ಮೋಹ, ಮರೆಸುವಿಕೆ, ಪೂರ್ವಯೋಜಿತ ಕೊಲೆ ಎಂಬ ಕೇಯ್ನನ ಸಾಮಗ್ರಿಯೆಲ್ಲ ಇಲ್ಲಿದೆ. ಆದರೆ ಜನ್ನನು ಕೇಯ್ನನಿಗಿಂತ ಮುಂದಕ್ಕೆ ಹೋಗುತ್ತಾನೆ: ಕೊಲೆಯಾದವನನ್ನೂ ಅವನು ನಿರ್ದೋಷಿಯೆಂದು ಬಿಟ್ಟುಕೊಡುವುದಿಲ್ಲ. ಸಂಕಲ್ಪದಿಂದ ಮಾಡಿದ ಹಿಂಸೆಗಾಗಿ ಯಶೋಧರನೂ ಅವನ ತಾಯಿಯೂ ಪ್ರಾಣಿಜನ್ಮಗಳನ್ನು ಎತ್ತಿ ಎತ್ತಿ ತೊಳಲುತ್ತಾರೆ. ಗಿರೀಶ ಕಾರ್ನಾಡರು ೧೯೮೦ರಲ್ಲಿ ‘ಹಿಟ್ಟಿನ ಹುಂಜ’ ನಾಟಕದಲ್ಲಿ ಈ ವಸ್ತುವಿಗೆ ಮರಳಿದ್ದು, ಏಳುನೂರು ವರ್ಷಗಳ ಮೇಲೂ ಆ ಕೂಗು ಅಡಗಿಲ್ಲವೆಂಬುದಕ್ಕೆ ಸಾಕ್ಷಿ.

ಈ ಎರಡು ಕೃತಿಗಳಲ್ಲಿ ನಮಗೆ ದೊರೆಯುವ ಕ್ರಮವನ್ನು ಹೀಗೆ ಸಂಗ್ರಹಿಸಬಹುದು: ಅಪರಾಧಿಯ ಅಂತರಂಗಕ್ಕೆ ವಾಚಕನಿಗೆ ಪ್ರವೇಶವುಂಟು, ಅದರೊಡನೆ ಮಾಡಿದ ಕೃತ್ಯಕ್ಕೆ ಲೆಕ್ಕವೂ ಉಂಟು. ಅಂತರಂಗ ತಿಳಿಯಿತೆಂದು ಲೆಕ್ಕ ಮನ್ನಾ ಆಗುವುದಿಲ್ಲ. ಲೆಕ್ಕ ಒಪ್ಪಿಸಬೇಕೆಂದು ಅಂತರಂಗವನ್ನು ಮುಚ್ಚುವುದೂ ಇಲ್ಲ.

೪

ಈ ಎರಡು ಅಂಶಗಳು ಬೇರೆಯಾದದ್ದು ಯಾವಾಗ? ಹತ್ತೊಂಬತ್ತನೆಯ ಶತಮಾನದಲ್ಲಿ, ಅಪರಾಧಿಯ ಮಾತನ್ನು ಬರೆದಿಡುವ ಲೇಖನಿ ಅವನನ್ನು ಹಿಡಿದವನ ಕೈಗೆ ಬಂದಾಗ, ಎಂದು ಹೇಳಿದರೆ ತಪ್ಪಾಗಲಾರದು. ೧೮೩೯ರಲ್ಲಿ ಲಂಡನ್ನಿನಲ್ಲಿ ಪ್ರಕಟವಾದ ‘ಕನ್ಫೆಷನ್ಸ್ ಆಫ್ ಎ ಥಗ್’ ಕಾದಂಬರಿಯ ಕರ್ತೃ ಫಿಲಿಪ್ ಮೆಡೋಸ್ ಟೇಲರ್ ಮುಂದೆ ನಮ್ಮ ಸುರಪುರ ಸಂಸ್ಥಾನದಲ್ಲಿ ಆಡಳಿತಾಧಿಕಾರಿಯಾಗಿದ್ದವನು. ಅಮೀರ್ ಅಲಿ ಎಂಬ ಠಗನು ತನ್ನ ಕೊಲೆಗಳ ಕಥೆಯನ್ನು ಒಬ್ಬ ಸಾಹೇಬನಿಗೆ ತಾನೇ ನಿರೂಪಿಸುತ್ತಾನೆ. ಅಪರಾಧಿಯ ಸ್ವಂತ ಬಾಯಿಂದ ಹೊರಟ ಕಥೆಯೆಂಬ ಕಾರಣದಿಂದ ಇದನ್ನು ಕರಾಳ ಕಥೆಯ ಪೂರ್ವಜನೆಂದು ಎಣಿಸಬಹುದು. ಆದರೆ ಇಲ್ಲಿನ ಕೇಳುಗನು ಅರಸನಂತೆ ಅಭಯ ಕೊಟ್ಟು ಬೆರಗಾಗುವವನಲ್ಲ, ಕಡತಕ್ಕೆ ಸೇರಿಸಿಕೊಳ್ಳುವವನು. ಠಗ್ಗರ ವಿಷಯದಲ್ಲಿ ನಮಗಿರುವ ಆಧಾರಗಳ ಬಹುಭಾಗ ಸ್ಲೀಮನ್ ಮೊದಲಾದ ಅಧಿಕಾರಿಗಳು ಮಾಫಿ ಸಾಕ್ಷಿದಾರರಿಂದ ಪಡೆದ ಹೇಳಿಕೆಗಳೇ. ಜೀವದ ಭಯದಿಂದ ಆಡಿದ ಆ ಮಾತುಗಳಲ್ಲಿ ಎಷ್ಟು ಸತ್ಯ, ಎಷ್ಟು ಕೇಳಿದವನ ಇಚ್ಛೆ ಎಂಬ ಬಗ್ಗೆ ಇತಿಹಾಸಕಾರರಲ್ಲಿ ಇಂದಿಗೂ ಏಕಾಭಿಪ್ರಾಯವಿಲ್ಲ.

ಈ ದೃಷ್ಟಿಯ ಮುಂದಿನ ಮಜಲೇ ೧೮೭೧ರ ಕ್ರಿಮಿನಲ್ ಟ್ರೈಬ್ಸ್ ಕಾಯಿದೆ. ಇಡಿಯ ಸಮುದಾಯಗಳನ್ನು ಹುಟ್ಟಿನಿಂದಲೇ ಅಪರಾಧಿಗಳೆಂದು ಪಟ್ಟಿಮಾಡಿ, ಹಾಜರಿ ತೆಗೆದುಕೊಂಡು, ವಸಾಹತುಗಳಲ್ಲಿ ಕೂಡಿಹಾಕಲು ಕ್ರಮೇಣ ಅವಕಾಶ ಕಲ್ಪಿಸಿದ ಈ ಶಾಸನವು ದೇಶದಲ್ಲಿ ಪೂರ್ಣವಾಗಿ ರದ್ದಾದದ್ದು ೧೯೫೨ರಲ್ಲಿ. ಮುಂಬಯಿ ಇಲಾಖೆಗೆ ಸೇರಿದ್ದ ನಮ್ಮ ಭಾಗದಲ್ಲಿ, ಹುಬ್ಬಳ್ಳಿ, ಗದಗ, ವಿಜಾಪುರಗಳಲ್ಲಿ, ಅಂಥ ವಸಾಹತುಗಳಿದ್ದವು. ಅಪರಾಧ ಯಾರದು ಎಂಬ ಪ್ರಶ್ನೆಗೆ ಉತ್ತರವನ್ನು ಮೊದಲೇ ಬರೆದಿಟ್ಟುಕೊಂಡ ಆಡಳಿತಕ್ಕೆ, ಅದು ಹೇಗೆ ಉಂಟಾಯಿತು ಎಂದು ಕೇಳುವ ಅಗತ್ಯವೇ ಇರಲಿಲ್ಲ.

ಪತ್ತೇದಾರಿ ಕಾದಂಬರಿಯು ಇಂಥ ಆಡಳಿತದ ಕಾಲದಲ್ಲಿ ಇಂಗ್ಲಿಷ್ ಮತ್ತು ಬಂಗಾಳಿಗಳ ಮೂಲಕ ನಮ್ಮಲ್ಲಿಗೆ ಬಂದ ಪ್ರಕಾರ. ಅದರಲ್ಲಿ ಅಪರಾಧಿಯ ಅಂತರಂಗಕ್ಕೆ ಎಡೆ ಸಾಲದಾದುದು ಸಹಜ. ಅವನು ಕಡೆಯ ಅಧ್ಯಾಯದಲ್ಲಿ ಮುಖವಾಡ ಕಳಚಿ ಕೈಕೋಳ ತೊಡಿಸಿಕೊಳ್ಳಲೆಂದೇ ಇರುವ ಪಾತ್ರ. ಅಂತರಂಗವನ್ನು ಉಳಿಸಿಕೊಂಡದ್ದು ಅಚ್ಚಿನ ಪುಸ್ತಕವಲ್ಲ. ಲಾವಣಿ ಮತ್ತು ಕಂಪನಿ ನಾಟಕ. ಸಿಂಧೂರ ಲಕ್ಷ್ಮಣನು ಏಕೆ ಹಾಗಾದನು ಎಂಬುದನ್ನು ಸರಕಾರಿ ಕಡತ ಕೇಳಲಿಲ್ಲ, ರಂಗಭೂಮಿ ಕೇಳಿತು. ಜನ ಮತ್ತೆ ಮತ್ತೆ ಹೋಗಿ ಕುಳಿತದ್ದು ಆ ಪ್ರಶ್ನೆಯನ್ನು ಕೇಳಿಸಿಕೊಳ್ಳಲು.

೫

ಇತ್ತೀಚಿನ ಕನ್ನಡ ಬರವಣಿಗೆಯಲ್ಲಿ ಕರಾಳ ಕಥೆಯು ಎರಡು ದಾರಿಗಳಲ್ಲಿ ಮರಳಿ ಬಂದಿದೆ.

ಒಂದು, ಪಾತಕಲೋಕದ ನಿಜಕಥನದ ದಾರಿ. ಅಗ್ನಿ ಶ್ರೀಧರರ ‘ದಾದಾಗಿರಿಯ ದಿನಗಳು’ ಇದರಲ್ಲಿ ಪ್ರಮುಖವಾದುದು. ಆ ಲೋಕದಲ್ಲಿ ಇದ್ದು ಬಂದವರೇ ಬರೆದ ಈ ಕೃತಿಯ ವಸ್ತು ಕೊತ್ವಾಲ್ ರಾಮಚಂದ್ರ, ಜಯರಾಜ್ ಮೊದಲಾದವರ ಕಾಲದ ಬೆಂಗಳೂರು. ೨೦೦೭ರಲ್ಲಿ ಕೆ. ಎಂ. ಚೈತನ್ಯ ನಿರ್ದೇಶಿಸಿದ ‘ಆ ದಿನಗಳು’ ಚಲನಚಿತ್ರಕ್ಕೂ ಇದೇ ಮೂಲ. ಇದರ ಬೆಲೆಯಿರುವುದು ಸಾಹಸದ ವರ್ಣನೆಯಲ್ಲಲ್ಲ. ಮಾಮೂಲಿ ವಿದ್ಯಾವಂತ ಯುವಕರು, ಒಂದೊಂದು ಹೆಜ್ಜೆಗೂ ಸಮಂಜಸವಾಗಿ ತೋರುವ ಕಾರಣಗಳನ್ನು ಹೇಳಿಕೊಳ್ಳುತ್ತ, ಮರಳಲಾಗದ ಜಾಗಕ್ಕೆ ನಡೆದುಹೋಗುವುದನ್ನು ಅದು ತೋರಿಸುತ್ತದೆ.

ಇದೇ ದಾರಿಯ ಇನ್ನೊಂದು ಪುಸ್ತಕ ರವಿ ಬೆಳಗೆರೆಯವರ (೧೯೫೮-೨೦೨೦) ‘ಭೀಮಾ ತೀರದ ಹಂತಕರು’. ಪತ್ರಿಕಾವರದಿಯ ವೇಗವೂ ಕಾದಂಬರಿಯ ವರ್ಣಶಕ್ತಿಯೂ ಕೂಡಿದ ಈ ಬರಹ ಅಸಂಖ್ಯ ಓದುಗರನ್ನು ಗಳಿಸಿತು. ಅದರ ಶಕ್ತಿಯನ್ನು ಅಲ್ಲಗಳೆಯಬೇಕಾದುದಿಲ್ಲ. ಆದರೆ ಅದರ ಯಶಸ್ಸಿನ ಒಂದು ಪರಿಣಾಮವನ್ನು ಹೇಳದೆ ಬಿಡಲಾಗದು. ಪಂಢರಪುರದ ಭಕ್ತಿಯನ್ನೂ ಜೋಳದ ಹೊಲಗಳನ್ನೂ ಕಂಡ ಒಂದು ನದಿಯ ಹೆಸರು ‘ಹಂತಕರು’ ಎಂಬ ಶಬ್ದಕ್ಕೆ ಅಂಟಿಕೊಂಡುಬಿಟ್ಟಿತು. ಇಂಡಿ, ಚಡಚಣ, ಅಫಜಲಪುರಗಳ ಯಾವ ಅಪರಾಧದ ಸುದ್ದಿಯೇ ಇರಲಿ, ಆ ಶೀರ್ಷಿಕೆಯೇ ಮೊದಲು ನೆನಪಿಗೆ ಬರುತ್ತದೆ. ೧೮೭೧ರ ಕಾಯಿದೆ ಕುಲಕ್ಕೆ ಹಚ್ಚಿದ ಹಣೆಪಟ್ಟಿಯನ್ನು ಜನಪ್ರಿಯ ಬರವಣಿಗೆ ನೆಲಕ್ಕೆ ಹಚ್ಚಿತು ಎಂದರೆ ಮಾತು ಕಠಿಣವಾದೀತು, ಸುಳ್ಳಾಗಲಾರದು. ಭೀಮೆಯನ್ನು ತನ್ನೊಡಲಿಗೆ ಸೇರಿಸಿಕೊಳ್ಳುವ ಕೃಷ್ಣೆಯ ದಂಡೆಯಲ್ಲಿ ವಾಸಿಸುವ ನಮಗೆ ಈ ಮಾತು ದೂರದ್ದಲ್ಲ.

ಎರಡನೆಯದು ಕಲ್ಪನಾಸಾಹಿತ್ಯದ ದಾರಿ. ಇದರಲ್ಲಿ ಶ್ರೇಷ್ಠವಾದುದೆಂದು ನನಗೆ ತೋರುವ ಕೃತಿಯನ್ನು ಸಾಮಾನ್ಯವಾಗಿ ಯಾರೂ ಅಪರಾಧಕಥೆಯ ಕಪಾಟಿನಲ್ಲಿ ಇಡುವುದಿಲ್ಲ. ಅದು ೨೦೧೩ರಲ್ಲಿ ಪ್ರಕಟವಾದ ವಿವೇಕ ಶಾನಭಾಗರ ‘ಘಾಚರ್ ಘೋಚರ್’. ಶ್ರೀನಾಥ್ ಪೇರೂರರ ಇಂಗ್ಲಿಷ್ ಅನುವಾದದ ಮೂಲಕ ಈ ಕಿರುಕಾದಂಬರಿ ಹೊರನಾಡುಗಳಲ್ಲಿಯೂ ಹೆಸರು ಪಡೆಯಿತು. ಇರುವೆಗಳ ಕಾಟದ ಇಕ್ಕಟ್ಟಾದ ಬಾಡಿಗೆ ಮನೆಯಲ್ಲಿ ಒಬ್ಬರನ್ನೊಬ್ಬರು ನೆಚ್ಚಿ ಬದುಕುತ್ತಿದ್ದ ಬೆಂಗಳೂರಿನ ಒಂದು ಕುಟುಂಬವು, ಚಿಕ್ಕಪ್ಪನು ಆರಂಭಿಸಿದ ಮಸಾಲೆಪುಡಿಯ ವ್ಯಾಪಾರದಿಂದ ದಿಢೀರನೆ ಸಿರಿವಂತವಾಗುತ್ತದೆ. ಮನೆ ದೊಡ್ಡದಾಗುತ್ತದೆ, ದುಡಿಯುವವನು ಒಬ್ಬ, ಅವನನ್ನು ಕಾಯುವವರು ಉಳಿದವರೆಲ್ಲ. ಚಿಕ್ಕಪ್ಪನನ್ನು ಕೇಳಿಕೊಂಡು ಬಾಗಿಲಿಗೆ ಬಂದ ಹೆಂಗಸೊಬ್ಬಳನ್ನು ಮನೆಯ ಹೆಂಗಸರು ಬೈದು ಓಡಿಸುವಾಗ ನಿರೂಪಕನು ಸುಮ್ಮನಿರುತ್ತಾನೆ. ಅದನ್ನು ಅನ್ಯಾಯವೆಂದು ಬಾಯಿಬಿಟ್ಟು ಹೇಳುವವಳು ಸೊಸೆ ಅನಿತಾ ಒಬ್ಬಳೇ. ಮುಂದೆ ಅವಳು ಊರಿಗೆ ಹೋಗಿರುತ್ತಾಳೆ. ಮರಳುವ ಸುದ್ದಿ ಬರುವುದಿಲ್ಲ. ನಿರೂಪಕನು ಕಾಫಿಹೌಸಿನಲ್ಲಿ ಕುಳಿತಿದ್ದಾನೆ. ಒಡೆದ ಗಾಜಿನಿಂದ ಗಾಯಗೊಂಡ ಅವನ ಕೈಯಲ್ಲಿ ರಕ್ತವಿದೆ. ಕಥೆ ಅಲ್ಲಿಗೆ ನಿಲ್ಲುತ್ತದೆ.

ಇಲ್ಲಿ ಕೊಲೆಯಾಯಿತೆಂದು ಕೃತಿ ಹೇಳುವುದಿಲ್ಲ. ಹೆಣವಿಲ್ಲ, ಪೋಲೀಸರಿಲ್ಲ, ಪತ್ತೇದಾರನಿಲ್ಲ. ಆದರೂ ಪುಸ್ತಕವನ್ನು ಮುಚ್ಚಿದಾಗ ವಾಚಕನು ಯಾವ ರಕ್ತಪಾತದ ಕಾದಂಬರಿಯೂ ಉಂಟುಮಾಡಲಾರದ ದಿಗಿಲಿಗೆ ಒಳಗಾಗುತ್ತಾನೆ. ಕಾರಣವೇನು? ಪ್ರತಿಯೊಂದು ಪುಟದಲ್ಲಿಯೂ ಅವನು ಈ ಕುಟುಂಬದ ಮಾತಿಗೆ ತಲೆದೂಗುತ್ತ ಬಂದಿದ್ದಾನೆ. ಅವರ ಹಾಸ್ಯಕ್ಕೆ ನಕ್ಕಿದ್ದಾನೆ. ಅವರ ಒಗ್ಗಟ್ಟನ್ನು ಮೆಚ್ಚಿದ್ದಾನೆ. ಕೊನೆಯಲ್ಲಿ ಆ ಒಗ್ಗಟ್ಟಿನ ಬೆಲೆ ಏನಿರಬಹುದೆಂಬ ಸಂಶಯ ಹುಟ್ಟಿದಾಗ, ಸಂಶಯಿತರ ಸಾಲಿನಲ್ಲಿ ತಾನೂ ನಿಂತಿರುವುದು ಅವನಿಗೆ ಕಾಣುತ್ತದೆ. ಬಿಡಿಸಲಾಗದ ಗಂಟನ್ನು ಸೂಚಿಸಲು ಅನಿತಾಳ ತವರುಮನೆಯಲ್ಲಿ ಕಟ್ಟಿಕೊಂಡ ಅರ್ಥವಿಲ್ಲದ ಶಬ್ದವೇ ಕೃತಿಯ ಹೆಸರಾಗಿರುವುದು ಅತ್ಯಂತ ಉಚಿತವಾಗಿದೆ. ಪತ್ತೇದಾರಿ ಕಾದಂಬರಿ ಗಂಟನ್ನು ಬಿಚ್ಚುತ್ತದೆ. ಇದು, ಗಂಟು ಹಾಕಿದವರಲ್ಲಿ ನಾವೂ ಇದ್ದೇವೆಂದು ತೋರಿಸುತ್ತದೆ.

ಚಲನಚಿತ್ರ ಈ ಲೇಖನದ ವ್ಯಾಪ್ತಿಗೆ ಹೊರಗಿನದಾದರೂ, ಹೇಮಂತ ರಾವ್ ನಿರ್ದೇಶನದ ‘ಕವಲುದಾರಿ’ಯನ್ನು (೨೦೧೯) ಇತಿಹಾಸದ ಅಧ್ಯಾಪಕನು ಹೆಸರಿಸದೆ ಬಿಡಲಾರ. ಅಗೆತದಲ್ಲಿ ದೊರೆತ ಎಲುಬುಗಳನ್ನು ಹಿಡಿದು, ದಶಕಗಳ ಹಿಂದೆ ಪುರಾತತ್ತ್ವಜ್ಞನೊಬ್ಬನ ಕುಟುಂಬಕ್ಕೆ ಒದಗಿದ ಗತಿಯನ್ನು ಸಂಚಾರಿ ಪೋಲೀಸನೊಬ್ಬನು ಹುಡುಕಿಹೊರಡುವ ಕಥೆ ಅದು. ಮುಗಿದುದೆಂದು ಮುಚ್ಚಿದ ಕಡತ ಮುಗಿದಿರುವುದಿಲ್ಲವೆಂಬ ಅದರ ನಿಲುವು ನಮ್ಮ ವಿಷಯದ ನಿಲುವೂ ಹೌದು.

೬

ಈಗ ಈ ಪ್ರಕಾರದ ವಿರುದ್ಧ ಸಾಮಾನ್ಯವಾಗಿ ಎತ್ತುವ ಆಕ್ಷೇಪಕ್ಕೆ ಬರೋಣ. ಕರಾಳ ಕಥೆಯು ಪಾತಕಿಯನ್ನು ನಾಯಕನನ್ನಾಗಿ ಮಾಡುತ್ತದೆ. ಎಳೆಯರ ಮನಸ್ಸಿನಲ್ಲಿ ಮಚ್ಚು ಲಾಂಗುಗಳ ಮೇಲೆ ಮೋಹವನ್ನು ಬಿತ್ತುತ್ತದೆ. ಆದುದರಿಂದ ಇದಕ್ಕಿಂತ ಕಳ್ಳ ಸಿಕ್ಕುವ ಹಳೆಯ ಪತ್ತೇದಾರಿ ಕಥೆಯೇ ಮೇಲು, ಎಂಬುದು ಆ ಆಕ್ಷೇಪ. ತರಗತಿಯಲ್ಲಿ ಹದಿಹರೆಯದವರ ಎದುರಿಗೆ ನಿಲ್ಲುವ ಯಾವ ಅಧ್ಯಾಪಕನೂ ಇದನ್ನು ನಕ್ಕು ತಳ್ಳಿಹಾಕಲಾರ. ಪಾತಕಿಯೊಬ್ಬನ ಹೆಸರನ್ನು ಅವರು ಉಚ್ಚರಿಸುವ ಉತ್ಸಾಹದಲ್ಲಿ, ಅವನಿಂದ ಸತ್ತವನ ಹೆಸರನ್ನು ಎಂದೂ ಉಚ್ಚರಿಸುವುದಿಲ್ಲ.

ಆದರೆ ಈ ದೋಷ ಅಂತರಂಗವನ್ನು ತೆರೆದುದರಿಂದ ಬಂದುದಲ್ಲ. ಲೆಕ್ಕವನ್ನು ಬಿಟ್ಟುದರಿಂದ ಬಂದುದು. ಎಂ. ಎಸ್. ಪುಟ್ಟಣ್ಣನವರು ೧೯೧೫ರ ತಮ್ಮ ಕಾದಂಬರಿಗೆ ‘ಮಾಡಿದ್ದುಣ್ಣೋ ಮಹಾರಾಯ’ ಎಂದು ಹೆಸರಿಟ್ಟಾಗ ನಾಡಿನ ಗಾದೆಯೊಂದನ್ನೇ ಎತ್ತಿಕೊಂಡಿದ್ದರು. ಇಂದಿನ ಕಥೆಗಾರನು ನರಕವನ್ನಾಗಲಿ ಜನ್ಮಾಂತರವನ್ನಾಗಲಿ ತರಬೇಕಾಗಿಲ್ಲ. ತಂದರೆ ನಂಬುವವರೂ ಕಡಮೆ. ಕೊನೆಯ ಪುಟದಲ್ಲಿ ಪಾತಕಿಗೆ ಶಿಕ್ಷೆಯಾಗಲೇಬೇಕೆಂಬ ನಿಯಮವೂ ಬೇಕಿಲ್ಲ. ಲೋಕದಲ್ಲಿ ಹಾಗೆ ಆಗುತ್ತಿಲ್ಲವೆಂಬುದನ್ನು ಹೇಳಲೆಂದೇ ಈ ಪ್ರಕಾರ ಹುಟ್ಟಿತು. ಬೇಕಾದುದು ಇಷ್ಟೇ: ಕೃತ್ಯದಿಂದ ನೊಂದವರು ಕಥೆಯೊಳಗೆ ಜಾಗ ಪಡೆದಿರಬೇಕು. ಯಶೋಧರನು ತನ್ನ ಕಥೆಯನ್ನು ಸತ್ತ ಮೇಲೂ ಹೇಳುತ್ತಾನೆ. ಅಭಯರುಚಿಯಾಗಿ ಮರಳಿ ಹುಟ್ಟಿ ಮಾರಿದತ್ತನ ಬಲಿಪೀಠದ ಎದುರು ನಿಂತು ಹೇಳುತ್ತಾನೆ. ಕೇಳಿದವನ ಕೈಯ ಕತ್ತಿ ಇಳಿಯುತ್ತದೆ. ‘ಘಾಚರ್ ಘೋಚರ್’ನಲ್ಲಿ ಅನಿತಾ ಕಣ್ಣೆದುರಿಗಿಲ್ಲದಿದ್ದರೂ ಅವಳು ಆಡಿದ ಮಾತು ಕಿವಿಯಲ್ಲಿ ಉಳಿಯುತ್ತದೆ. ಹಂತಕರ ಹೆಸರು ಮಾತ್ರ ಉಳಿದು ಸತ್ತವರು ಬರಿಯ ಸಂಖ್ಯೆಯಾಗುವ ಪುಸ್ತಕ, ಎಷ್ಟೇ ಕಪ್ಪಾಗಿದ್ದರೂ, ಈ ಅರ್ಥದಲ್ಲಿ ಕರಾಳ ಕಥೆಯಲ್ಲ. ಅದು ತಲೆಕೆಳಗಾದ ಸಾಹಸಕಥೆ.

ಇನ್ನೊಂದು ಮಾತು. ಕರಾಳ ಕಥೆಯು ಮಹಾನಗರದ ಬೆಳೆಯೆಂಬ ಭಾವನೆಯೂ ನಮ್ಮಲ್ಲಿ ಬೇರೂರಿದೆ. ೨೦೦೪ರಿಂದೀಚೆಗೆ ಅಮೆರಿಕದ ಅಕಾಶಿಕ್ ಪ್ರಕಾಶನವು ಹೊರಡಿಸುತ್ತಿರುವ ನುವಾರ್ ಸಂಕಲನಗಳ ಮಾಲೆಯಲ್ಲಿ ನಮ್ಮ ದೇಶದಿಂದ ದಿಲ್ಲಿ, ಮುಂಬಯಿಗಳು ಸೇರಿವೆ. ಆದರೆ ಕತ್ತಲೆಗೆ ಗಗನಚುಂಬಿ ಕಟ್ಟಡಗಳೇ ಬೇಕೆಂದಿಲ್ಲ. ಹೊಲದ ಬದುವಿನ ವ್ಯಾಜ್ಯ, ಬಾರದ ಕಬ್ಬಿನ ಬಿಲ್ಲು, ಬಡ್ಡಿಗೆ ತಂದ ಸಾಲ, ನದಿಯ ಉಸುಕಿನ ಗುತ್ತಿಗೆ, ಮನೆತನದ ಮರ್ಯಾದೆಯ ಹೆಸರಿನಲ್ಲಿ ಮುಚ್ಚಿಹೋಗುವ ಹೆಣ್ಣುಮಗಳ ಸಾವು: ಇವು ನೀರಾವರಿಯಿಂದ ಸಿರಿ ಕಂಡ ಯಾವ ಸೀಮೆಗೂ ಅಪರಿಚಿತವಲ್ಲ. ದಿಢೀರನೆ ಬಂದ ಹಣವು ಮನೆಯೊಳಗಿನ ಮಾತನ್ನು ಹೇಗೆ ಮಾರ್ಪಡಿಸುತ್ತದೆಂಬುದನ್ನು ಶಾನಭಾಗರು ಬೆಂಗಳೂರಿನಲ್ಲಿ ಕಂಡರು. ಕಬ್ಬಿನ ಸೀಮೆಯ ಕಥೆಗಾರನು ಅದನ್ನು ಇನ್ನೊಂದು ಬಗೆಯಿಂದ ಕಾಣಬಲ್ಲನು. ಆದರೆ ಅವನು ಕೃಷ್ಣಾತೀರಕ್ಕೆ ಇನ್ನೊಂದು ಹಣೆಪಟ್ಟಿಯನ್ನು ತಯಾರಿಸದೆ, ಊರಿನೊಳಗಿನ ಮೌನವನ್ನು ಬರೆಯಬೇಕು.

೭

ಮೇಲಿನ ವಿವೇಚನೆಯಿಂದ ಫಲಿಸುವುದಿಷ್ಟು. ಕರಾಳ ಅಪರಾಧಕಥೆಯ ಆಕರ್ಷಣೆಯು ರಕ್ತದ ಆಕರ್ಷಣೆಯಲ್ಲ. ಹಾಗಿದ್ದರೆ ದಿನಪತ್ರಿಕೆಯೇ ಸಾಕಾಗುತ್ತಿತ್ತು. ಅದು ಪಾಶ್ಚಾತ್ಯರಿಂದ ನಾವು ಕಲಿತ ಹೊಸ ಚಾಳಿಯೂ ಅಲ್ಲ. ಅಪರಾಧಿಯ ಒಳಗನ್ನು ಕಾಣುವ, ಕಂಡೂ ಲೆಕ್ಕ ಕೇಳುವ ಕಣ್ಣು ನಮ್ಮ ಅತ್ಯಂತ ಹಳೆಯ ಗದ್ಯದಲ್ಲಿಯೇ ತೆರೆದಿತ್ತು. ವಸಾಹತು ಆಡಳಿತದ ಕಡತ ಅದನ್ನು ಮುಚ್ಚಿತು. ಪತ್ತೇದಾರಿ ಕಾದಂಬರಿ ಬೇರೊಂದು ಸುಖವನ್ನು ಕೊಟ್ಟಿತು. ನಾಟಕ ಲಾವಣಿಗಳು ಅದನ್ನು ಕಾಪಾಡಿದವು. ಇಂದಿನ ಉತ್ತಮ ಬರಹ ಅದನ್ನು ಮತ್ತೆ ತೆರೆದಿದೆ. ಕರಾಳ ಕಥೆ ಹಳತಾಗದಿರುವುದಕ್ಕೆ ಕಾರಣ, ಅದು ಎತ್ತುವ ಪ್ರಶ್ನೆಗೆ ಕೈಕೋಳದಿಂದ ಉತ್ತರ ದೊರೆಯದಿರುವುದೇ.

ಇತಿಹಾಸ ವಿಭಾಗದ ವಿದ್ಯಾರ್ಥಿಗಳಿಗೆ ಇದರಿಂದ ಒಂದು ಪಾಠವುಂಟು. ಫಿರ್ಯಾದಿ, ಪಂಚನಾಮೆ, ತೀರ್ಪು ಮುಂತಾದ ಕಾಗದಗಳನ್ನು ನಾವು ಆಧಾರಗಳೆಂದು ಓದುತ್ತೇವೆ. ಅವು ಘಟನೆ ನಡೆದುದನ್ನು ಹೇಳುತ್ತವೆ. ಯಾರ ಮುಂದೆ, ಯಾವ ಭಯದಿಂದ ಆ ಮಾತು ಹೊರಟಿತೆಂಬುದನ್ನು ಹೇಳುವುದಿಲ್ಲ. ಮಿಥಿಲೆಯ ಅರಸನಿಗೆ ಮೂವತ್ತೆರಡು ದಂಡನೆಗಳಾದ ಮೇಲೆ ತಿಳಿದದ್ದನ್ನು ನಾವು ಕಡತವನ್ನು ಬಿಚ್ಚುವ ಮೊದಲೇ ತಿಳಿದಿರುವುದು ಒಳ್ಳೆಯದು. ನಮ್ಮ ಗ್ರಂಥಾಲಯಗಳು ಹರಿದ ಪತ್ತೇದಾರಿ ಪುಸ್ತಕಗಳನ್ನು ರದ್ದಿಗೆ ಹಾಕುವ ಮುನ್ನ ಅವುಗಳ ಒಂದೊಂದು ಪ್ರತಿಯನ್ನಾದರೂ ಉಳಿಸಿಕೊಂಡರೆ, ಮುಂದಿನ ಸಂಶೋಧಕನಿಗೆ ನಮ್ಮ ಭಯಗಳ ಲೆಕ್ಕಪತ್ರವನ್ನು ಒಪ್ಪಿಸಿದಂತಾಗುತ್ತದೆ.